ಸೂಜಿಗೆ ಉತ್ತರ ಗೊತ್ತಿಲ್ಲ

ಮಾರ್ಚ್ 20ರ ಸಂಜೆ ಕುಂದಾಪುರದಲ್ಲಿ, ಶಾಲೆಯೊಂದರ ಸಭಾಂಗಣದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದೇನೆ.

ಈ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಬೇಸಿನ್ ಇದೆ. ಹಿಂದೆ ಕೂತವರಿಗೆ ಒಳಗೇನಿದೆ ಅಂತ ಕಾಣಲಿಕ್ಕಿಲ್ಲ, ಹೇಳಿಬಿಡುತ್ತೇನೆ. ನೀರು. ನೀರಿನ ಮೇಲೆ ಬಾಳೆ ಎಲೆಯ ಸಣ್ಣ ಚೂರು. ಅದರ ಮೇಲೆ ಬಟ್ಟೆ ಹೊಲಿಯುವ ಸೂಜಿ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ತಂದದ್ದು, ವಾಪಸ್ ಕೊಡಬೇಕು. ಬರುವ ಮುಂಚೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ಈ ಸೂಜಿಯ ಮೇಲೆ ಮೂವತ್ತು ನಲವತ್ತು ಸಲ ಸವರಿದ್ದೇನೆ. ಒಂದೇ ದಿಕ್ಕಿಗೆ ಸವರಬೇಕು. ಬೆಕ್ಕಿನ ಬೆನ್ನು ಸವರುವ ಹಾಗೆ, ಕುತ್ತಿಗೆಯಿಂದ ಬಾಲದ ಕಡೆಗೆ. ಹಿಂದೆ ಮುಂದೆ ಉಜ್ಜಿದರೆ ಕೆಲಸ ಕೆಡುತ್ತದೆ. ಬೆಕ್ಕೂ ಒಪ್ಪುವುದಿಲ್ಲ.

ಈಗ ಎಲೆಯನ್ನು ಬೆರಳಿನಿಂದ ತಿರುಗಿಸಿ ಬಿಟ್ಟೆ. ನೋಡಿ, ನಿಧಾನಕ್ಕೆ ಸುತ್ತಿ ಮತ್ತೆ ಅದೇ ಗೆರೆಗೆ ಬಂದು ನಿಂತಿತು. ಯಾವ ಕಡೆ ತೋರಿಸ್ತಾ ಇದೆ ಅಂತ ಮುಂದಿನ ಸಾಲಿನ ಈ ಹುಡುಗಿಯನ್ನು ಕೇಳಿದೆ. "ಉತ್ತರ" ಅಂದಳು. ಹೌದಾ? ಕಡೆಯಲ್ಲಿ ಇನ್ನೊಮ್ಮೆ ಕೇಳುತ್ತೇನೆ ಮಗಾ, ಅಲ್ಲಿವರೆಗೆ ನೀನು ಎದ್ದು ಹೋಗುವ ಹಾಗಿಲ್ಲ.

ನಾನು ಇಪ್ಪತ್ತೇಳು ವರ್ಷ ಸರಕು ಹಡಗುಗಳಲ್ಲಿ ಕೆಲಸ ಮಾಡಿದವನು. ಅದರಲ್ಲಿ ಜಾಸ್ತಿ ವರ್ಷ ಸೆಕೆಂಡ್ ಆಫೀಸರ್. ಅಂದರೆ ನಕ್ಷೆ, ಕಂಪಾಸು, ದಾರಿ ನೋಡುವ ಕೆಲಸ. ಅಷ್ಟು ವರ್ಷ ಕಂಪಾಸಿನ ಜೊತೆ ಬದುಕಿ ನನಗೆ ತಿಳಿದದ್ದು ಇಷ್ಟು: ಸೂಜಿಗೆ ಉತ್ತರ ಗೊತ್ತಿಲ್ಲ. ನಮ್ಮ ಭಾಷೆಯಲ್ಲಿ ಉತ್ತರ ಅಂದರೆ ದಿಕ್ಕೂ ಹೌದು, ಪ್ರಶ್ನೆಗೆ ಕೊಡುವ ಜವಾಬೂ ಹೌದು. ಸೂಜಿಗೆ ಎರಡೂ ಗೊತ್ತಿಲ್ಲ. ಅದು ನಿಂತ ಜಾಗದಲ್ಲಿ ಯಾವ ಕಡೆಗೆ ಸೆಳೆತ ಇದೆಯೋ ಆ ಕಡೆ ತಿರುಗಿ ನಿಲ್ಲುತ್ತದೆ, ಅಷ್ಟೇ. ಭೂಮಿ ಸೆಳೆದದ್ದು ಎಷ್ಟು, ಪಕ್ಕದ ಕಬ್ಬಿಣ ಸೆಳೆದದ್ದು ಎಷ್ಟು ಅಂತ ಅದು ಬೇರೆ ಮಾಡಿ ಹೇಳುವುದಿಲ್ಲ. ಎಲ್ಲ ಕೂಡಿಸಿ ಒಂದೇ ಮೊತ್ತ ಕೊಡುತ್ತದೆ. ಆ ಮೊತ್ತವನ್ನು ಬಿಡಿಸುವುದು ನಮ್ಮ ಕೆಲಸ. ಇವತ್ತು ಹೇಳಲು ಹೊರಟಿರುವುದು ಆ ಬಿಡಿಸುವ ಕಥೆ.

ಮೊದಲು ಕಲ್ಲಿನಿಂದ ಶುರು ಮಾಡೋಣ. ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಅಂತ ಹೆಸರಿದೆ. ಸೂಜಿ ಸೆಳೆಯುವ ಕಲ್ಲು. ಈ ಕಲ್ಲಿನ ಖನಿಜದ ಹೆಸರು ಮ್ಯಾಗ್ನಟೈಟ್. ಕಬ್ಬಿಣದ ಅದಿರುಗಳಲ್ಲಿ ಒಂದು. ನಮಗೇನೂ ದೂರದ ವಸ್ತುವಲ್ಲ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ತೆಗೆದದ್ದು ಇದೇ ಮ್ಯಾಗ್ನಟೈಟ್ ಅದಿರು. ಮ್ಯಾಗ್ನಟೈಟ್ ಎಲ್ಲವೂ ಸೂಜಿ ಎಳೆಯುವಷ್ಟು ಬಲದ ಅಯಸ್ಕಾಂತ ಆಗಿರುವುದಿಲ್ಲ. ಪ್ರಕೃತಿಯಲ್ಲಿ ಕೆಲವು ಚೂರುಗಳು ಮಾತ್ರ ಹಾಗಿರುತ್ತವೆ. ಅಂಥ ಚೂರು ಹುಡುಕಿ ಅದಕ್ಕೆ ಉಕ್ಕಿನ ಸೂಜಿ ಸವರಿದವರು ಮೊದಲ ದಿಕ್ಸೂಚಿ ಮಾಡಿದರು.

ಸವರಿದರೆ ಏನಾಗುತ್ತದೆ? ಕಬ್ಬಿಣದ ಒಳಗೆ ಸಣ್ಣ ಸಣ್ಣ ವಲಯಗಳಿವೆ. ಪ್ರತಿ ವಲಯವೂ ಒಂದು ಪುಟ್ಟ ಅಯಸ್ಕಾಂತ. ಮಾಮೂಲಿ ಸೂಜಿಯಲ್ಲಿ ಅವು ಒಂದೊಂದು ಒಂದೊಂದು ಕಡೆ ಮುಖ ಮಾಡಿರುತ್ತವೆ, ಸಂತೆಯ ಜನದ ಹಾಗೆ. ಹಾಗಾಗಿ ಒಂದರ ಬಲ ಇನ್ನೊಂದು ಅಳಿಸಿಹಾಕುತ್ತದೆ. ಅಯಸ್ಕಾಂತ ಒಂದೇ ದಿಕ್ಕಿಗೆ ಸವರಿದಾಗ ಬಹಳಷ್ಟು ವಲಯಗಳು ಒಂದೇ ಕಡೆ ಮುಖ ಮಾಡುತ್ತವೆ. ಮೆದು ಕಬ್ಬಿಣ ಇದನ್ನು ಬೇಗ ಮರೆಯುತ್ತದೆ. ಉಕ್ಕು ಬಹುಕಾಲ ನೆನಪಿಟ್ಟುಕೊಳ್ಳುತ್ತದೆ. ಜೋರಾಗಿ ಬಡಿದರೆ ಮರೆಯುತ್ತದೆ, ಕಾಯಿಸಿದರೂ ಮರೆಯುತ್ತದೆ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿತು ಅಂದರೆ ಅಯಸ್ಕಾಂತದ ಗುಣ ಪೂರ್ತಿ ಹೋಗುತ್ತದೆ. ಈ ಬಡಿಯುವ ಮಾತು, ಕಾಯಿಸುವ ಮಾತು ಎರಡನ್ನೂ ನೆನಪಿಡಿ. ಮುಂದೆ ಬೇಕಾಗುತ್ತದೆ.

ಈ ಸೂಜಿಯನ್ನು ತಿರುಗಿಸಿದ ಭೂಮಿಯ ಬಲ ಎಷ್ಟು ಅಂದುಕೊಂಡಿರಿ? ತೀರಾ ಕಡಿಮೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತ ಇದಕ್ಕಿಂತ ನೂರು ಪಟ್ಟಿನ ಲೆಕ್ಕದಲ್ಲಿ ಜೋರು. ಆದ್ದರಿಂದಲೇ ಸೂಜಿಯನ್ನು ನೀರಿನಲ್ಲಿ ತೇಲಿಸಬೇಕು, ಇಲ್ಲವೇ ಚೂಪಾದ ಮೊನೆಯ ಮೇಲೆ ಕೂರಿಸಬೇಕು. ಸ್ವಲ್ಪ ಘರ್ಷಣೆ ಇದ್ದರೂ ಆ ಬಲ ಸಾಲುವುದಿಲ್ಲ. ಹಡಗಿನ ಕಂಪಾಸಿನಲ್ಲಿ ಸೂಜಿಯ ಬದಲು ಡಿಗ್ರಿ ಬರೆದ ಇಡೀ ಬಿಲ್ಲೆಯೇ ತಿರುಗುತ್ತದೆ. ಅಯಸ್ಕಾಂತಗಳು ಅದರ ಅಡಿಗೆ ಅಂಟಿರುತ್ತವೆ. ಬಟ್ಟಲಿನ ತುಂಬ ದ್ರವ ಇರುತ್ತದೆ, ಬಿಲ್ಲೆ ಹೊಯ್ದಾಡದ ಹಾಗೆ. ಬಟ್ಟಲನ್ನು ಒಂದರೊಳಗೊಂದು ಎರಡು ಬಳೆಗಳಲ್ಲಿ ತೂಗುಹಾಕಿರುತ್ತಾರೆ. ಹಡಗು ಎಷ್ಟು ಓಲಾಡಿದರೂ ಬಟ್ಟಲು ಮಟ್ಟವಾಗಿರುತ್ತದೆ.

ಸೂಜಿ ಯಾಕೆ ತಿರುಗುತ್ತದೆ ಅಂತ ಹಿಂದಿನವರು ಬಹಳ ತಲೆ ಕೆಡಿಸಿಕೊಂಡಿದ್ದರು. ಧ್ರುವ ನಕ್ಷತ್ರ ಎಳೆಯುತ್ತದೆ ಅಂದರು. ಉತ್ತರದಲ್ಲಿ ದೊಡ್ಡ ಅಯಸ್ಕಾಂತದ ಬೆಟ್ಟ ಇದೆ ಅಂದರು. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಬೇರೆ ಮಾತು ಹೇಳಿದ. ಸೂಜಿಗಲ್ಲನ್ನು ಚೆಂಡಿನ ಹಾಗೆ ಗುಂಡಗೆ ಕೆತ್ತಿ, ಅದರ ಮೈಮೇಲೆ ಸಣ್ಣ ಸೂಜಿ ಓಡಾಡಿಸಿ ನೋಡಿದ. ಭೂಮಿಯ ಮೇಲೆ ಸೂಜಿ ಹೇಗೆ ವರ್ತಿಸುತ್ತದೋ ಆ ಚೆಂಡಿನ ಮೇಲೂ ಹಾಗೆಯೇ ವರ್ತಿಸಿತು. ಹಾಗಾದರೆ ಭೂಮಿಯೇ ಒಂದು ಅಯಸ್ಕಾಂತ ಅಂದ.

ಮಾತು ಸರಿ. ಆದರೆ ಭೂಮಿಯ ಹೊಟ್ಟೆಯಲ್ಲಿ ಅಯಸ್ಕಾಂತದ ಕಲ್ಲಿದೆ ಅಂತ ತಿಳಿದರೆ ತಪ್ಪು. ಈಗಷ್ಟೇ 770 ಡಿಗ್ರಿ ಅಂದೆನಲ್ಲ, ಒಳಗೆ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಅಲ್ಲಿ ಯಾವ ಕಲ್ಲಿಗೂ ನೆನಪು ಉಳಿಯುವುದಿಲ್ಲ. ನಮ್ಮ ಕಾಲಡಿ ಸುಮಾರು 2900 ಕಿಲೋಮೀಟರ್ ಕೆಳಗೆ ಕರಗಿದ ಕಬ್ಬಿಣದ ಸಮುದ್ರ ಇದೆ. ಅದು ಕುದಿಯುವ ಗಂಜಿಯ ಹಾಗೆ ಮೇಲೆ ಕೆಳಗೆ ಹೊರಳುತ್ತದೆ. ಭೂಮಿಯ ತಿರುಗುವಿಕೆ ಆ ಹೊರಳಾಟವನ್ನು ಸುರುಳಿ ಮಾಡುತ್ತದೆ. ಕರಗಿದ ಕಬ್ಬಿಣ ಹೀಗೆ ಹರಿಯುವಾಗ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತಿನಿಂದ ಅಯಸ್ಕಾಂತ ಕ್ಷೇತ್ರ ಹುಟ್ಟುತ್ತದೆ. ಹಳೆ ಸೈಕಲ್ಲಿನ ಚಕ್ರಕ್ಕೆ ಒರಗುತ್ತಿದ್ದ ಡೈನಮೋ ನೆನಪಿದೆಯಾ? ಚಕ್ರ ತಿರುಗಿದರೆ ದೀಪ ಉರಿಯುತ್ತಿತ್ತು. ಇದೂ ಒಂದು ಡೈನಮೋ. ಹರಿಯುವ ವಸ್ತು ಒಂದೇ ಥರ ಹರಿಯುವುದಿಲ್ಲ, ಹಾಗಾಗಿ ಕ್ಷೇತ್ರವೂ ಒಂದೇ ಥರ ಇರುವುದಿಲ್ಲ. ನಾವಿಕರ ತಲೆನೋವು ಶುರುವಾಗುವುದು ಇಲ್ಲಿಂದ.

ಸ್ವಲ್ಪ ದಾರಿ ತಪ್ಪಿ ವಿಜಯಪುರಕ್ಕೆ ಹೋಗಿ ಬರೋಣ. ಗೋಲಗುಮ್ಮಟ ಕಟ್ಟಿದ್ದು ಕಪ್ಪು ಬಸಾಲ್ಟ್ ಕಲ್ಲಿನಿಂದ. ಆ ಕಡೆಯ ನೆಲವೆಲ್ಲ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಲಾವಾ ತಣ್ಣಗಾಗುವಾಗ ಅದರೊಳಗಿನ ಮ್ಯಾಗ್ನಟೈಟ್ ಕಣಗಳು ಅವತ್ತಿನ ಭೂಮಿಯ ಕ್ಷೇತ್ರಕ್ಕೆ ಮುಖ ಮಾಡಿ ಹಾಗೇ ಗಟ್ಟಿಯಾದವು. ಲಕ್ಷಾಂತರ ಪುಟ್ಟ ದಿಕ್ಸೂಚಿಗಳು ಕಲ್ಲಿನೊಳಗೆ ನಿಂತುಬಿಟ್ಟ ಹಾಗೆ. ದಖನ್ನಿನ ಈ ಲಾವಾದ ಬಹುಪಾಲು ಪದರಗಳಲ್ಲಿ ಅವು ಉಲ್ಟಾ ಇವೆ! ಅಂದರೆ ಆ ಕಾಲಕ್ಕೆ ನನ್ನ ಈ ಬೇಸಿನ್ ಇದ್ದಿದ್ದರೆ ಸೂಜಿಯ ಉತ್ತರದ ತುದಿ ದಕ್ಷಿಣಕ್ಕೆ ನಿಲ್ಲುತ್ತಿತ್ತು. ಭೂಮಿಯ ಧ್ರುವಗಳು ಹೀಗೆ ಎಷ್ಟೋ ಸಲ ಅದಲುಬದಲಾಗಿವೆ. ಕೊನೆಯ ಸಲ ಆದದ್ದು ಸುಮಾರು 7 ಲಕ್ಷ 80 ಸಾವಿರ ವರ್ಷದ ಹಿಂದೆ. ಭಾರತ ಆಗ ಭೂಮಧ್ಯರೇಖೆಯ ದಕ್ಷಿಣಕ್ಕೆ ಇತ್ತು ಅಂತಲೂ ಆ ಕಲ್ಲುಗಳಿಂದಲೇ ತಿಳಿಯುತ್ತದೆ. ಇರಲಿ, ಸಮುದ್ರಕ್ಕೆ ವಾಪಸ್ ಬರೋಣ.

ಸೂಜಿಯ ಬಗ್ಗೆ ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಮೊದಲಿಗರು ಚೀನಾದವರು. 1088ರ ಸುಮಾರಿಗೆ ಶೆನ್ ಕುವೊ ಎಂಬ ವಿದ್ವಾಂಸ ಸೂಜಿಯನ್ನು ಕಲ್ಲಿಗೆ ಉಜ್ಜಿ ರೇಷ್ಮೆ ಎಳೆಯಲ್ಲಿ ತೂಗುಬಿಡುವ ಬಗ್ಗೆ ಬರೆದಿದ್ದಾನೆ. ಅವರಿಗೆ ಅದು ದಕ್ಷಿಣ ತೋರಿಸುವ ಸೂಜಿ. ಒಂದು ತುದಿ ಉತ್ತರಕ್ಕಿದ್ದರೆ ಇನ್ನೊಂದು ದಕ್ಷಿಣಕ್ಕೇ ತಾನೆ, ಯಾವುದನ್ನು ತಲೆ ಅಂತೀರೋ ನಿಮಗೆ ಬಿಟ್ಟದ್ದು. ನನಗೆ ಶೆನ್ ಕುವೊ ಇಷ್ಟವಾಗುವುದು ಬೇರೆ ಕಾರಣಕ್ಕೆ. ಸೂಜಿ ಸರಿಯಾಗಿ ದಕ್ಷಿಣಕ್ಕೆ ನಿಲ್ಲುವುದಿಲ್ಲ, ಸ್ವಲ್ಪ ಪೂರ್ವಕ್ಕೆ ವಾಲುತ್ತದೆ ಅಂತಲೂ ಆತ ಬರೆದ. ಕಂಪಾಸಿನ ಬಗ್ಗೆ ಬರೆದ ಮೊದಮೊದಲ ಬರಹದಲ್ಲೇ ಅದರ ತಪ್ಪಿನ ಬಗ್ಗೆಯೂ ಇದೆ! ಮುಂದೆ ಕೆಲವೇ ದಶಕಗಳಲ್ಲಿ ಚೀನಾದ ಹಡಗಿನವರು ಮೋಡ ಕವಿದ ದಿನ ಇದನ್ನು ನೋಡಿ ದಾರಿ ಹಿಡಿಯುತ್ತಿದ್ದರು ಎಂಬ ಬರಹ ಸಿಗುತ್ತದೆ. ಯುರೋಪಿನಲ್ಲಿ 1190ರ ಸುಮಾರಿಗೆ ಇದರ ಮಾತು ಬರುತ್ತದೆ.

ನಮ್ಮ ಕಡಲಿನ ವಿಚಾರ? 1282ರಲ್ಲಿ ಬೈಲಕ್ ಅಲ್ ಕಿಬ್ಜಾಕಿ ಎಂಬಾತ ಅರಬ್ಬಿಯಲ್ಲಿ ಒಂದು ಪುಸ್ತಕ ಬರೆದ. ಹಿಂದೂ ಮಹಾಸಾಗರದ ನಾವಿಕರು ಟೊಳ್ಳಾದ ಕಬ್ಬಿಣದ ಮೀನು ಮಾಡಿ ನೀರಿನಲ್ಲಿ ತೇಲಿಬಿಡುತ್ತಾರೆ, ಅದರ ತಲೆ ಬಾಲ ದಕ್ಷಿಣ ಉತ್ತರ ತೋರಿಸುತ್ತವೆ ಅಂತ ಅದರಲ್ಲಿದೆ. ನನ್ನ ಬಾಳೆ ಎಲೆಗಿಂತ ಚೆಂದದ ಏರ್ಪಾಡು. ಆದರೂ ನನಗನಿಸುವುದು, ಅರಬ್ಬೀ ಸಮುದ್ರದ ಹಳೆಯ ನಾವಿಕರಿಗೆ ಸೂಜಿ ಅಷ್ಟೇನೂ ತುರ್ತಾಗಿ ಬೇಕಾಗಿರಲಿಲ್ಲ. ಹಡಗು ಹೊರಡುತ್ತಿದ್ದ ತಿಂಗಳುಗಳಲ್ಲಿ ಆಕಾಶ ತಿಳಿ. ಗಾಳಿ ವರ್ಷವರ್ಷವೂ ಬರುವ ಕಡೆಯಿಂದಲೇ ಬರುತ್ತದೆ. ರಾತ್ರಿಗೆ ನಕ್ಷತ್ರಗಳಿವೆ. ಮಳೆಗಾಲದಲ್ಲಿ ಹಡಗು ದಡದಲ್ಲಿ. ಮೋಡ, ಮಂಜು ಜಾಸ್ತಿ ಇರುವ ಉತ್ತರ ಯುರೋಪಿನವರಿಗೆ ಸೂಜಿ ಪ್ರಾಣ ಉಳಿಸಿತು. ನಮ್ಮವರಿಗೆ ಅದು ಜೇಬಿನಲ್ಲಿಟ್ಟುಕೊಂಡ ಎರಡನೇ ಬೀಗದ ಕೈ.

ಈ ಕರಾವಳಿಯವರಿಗೆ ದಿಕ್ಕು ಮೈಯಲ್ಲೇ ಇದೆ. ಪಡುಬಿದ್ರಿ ಪಡುವಣಕ್ಕೆ, ಮೂಡುಬಿದಿರೆ ಮೂಡಣಕ್ಕೆ. ಯಕ್ಷಗಾನದಲ್ಲೂ ಬಡಗು ತೆಂಕು ಬಿಟ್ಟಿಲ್ಲ. ದೋಣಿಯವರು ಬೆಟ್ಟ ನೋಡಿ ಊರು ಹೇಳುತ್ತಿದ್ದರು. ಮಂಗಳೂರಿಗೆ ಹೊರಗಿನಿಂದ ಬರುವಾಗ ಹವಾ ಶುಭ್ರವಾಗಿದ್ದರೆ ದಡ ಕಾಣುವ ಮುಂಚೆಯೇ ಘಟ್ಟ ಕಾಣುತ್ತದೆ. ಕುದುರೆಮುಖದ ಎತ್ತರ 1894 ಮೀಟರ್. ಕುದುರೆಯ ಮುಖ ಮೋಡದ ಮೇಲೆ ಎದ್ದಾಗ, ಆರು ತಿಂಗಳಿಂದ ಮನೆ ನೋಡದವನ ಎದೆ ಏನಾಗುತ್ತದೆ ಅಂತ ಇಲ್ಲಿ ಹೇಳಲು ಹೋಗುವುದಿಲ್ಲ.

ದಡ ಕಾಣದ ಕಡೆ ಮಾತ್ರ ಕಥೆ ಬೇರೆ. ನಮ್ಮ ದೊಡ್ಡಪ್ಪ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಯಲ್ಲಿ, ಅಂದರೆ ಸರಕಿನ ಮರದ ಹಡಗಿನಲ್ಲಿ, ತಾಂಡೇಲ ಆಗಿದ್ದರು. ಹಡಗು ನಡೆಸುವ ಮುಖ್ಯಸ್ಥ. ಅಕ್ಕಿ, ತರಕಾರಿ, ಹೆಂಚು, ಜಲ್ಲಿ ಹೇರಿಕೊಂಡು ಹೋಗುವುದು. ಲೆಕ್ಕ ಮಾಡೋಣ. ಮಂಗಳೂರಿನಿಂದ ಕವರತ್ತಿಗೆ ಸುಮಾರು 190 ನಾಟಿಕಲ್ ಮೈಲಿ, ಅಂದರೆ 350 ಕಿಲೋಮೀಟರ್. ದಿಕ್ಕು ನೈಋತ್ಯ. ನಮ್ಮಲ್ಲಿ ಒಂದು ಸುಲಭ ಸೂತ್ರ ಇದೆ: ಅರವತ್ತು ಮೈಲಿ ಹೋದರೆ ಒಂದು ಡಿಗ್ರಿ ತಪ್ಪಿಗೆ ಒಂದು ಮೈಲಿ ಪಕ್ಕಕ್ಕೆ. 190 ಮೈಲಿಗೆ ಮೂರು ಮೈಲಿ ಚಿಲ್ಲರೆ. ಅದು ಪರವಾಗಿಲ್ಲ. ಐದು ಡಿಗ್ರಿ ತಪ್ಪಿದರೆ? ಹದಿನಾರು ಮೈಲಿ ಪಕ್ಕಕ್ಕೆ. ಹವಳದ ದ್ವೀಪಗಳಲ್ಲಿ ಗುಡ್ಡ ಬೆಟ್ಟ ಇಲ್ಲ. ನೆಲ ನೀರಿನಿಂದ ಕೆಲವೇ ಮೀಟರ್ ಎತ್ತರ. ದೂರದಿಂದ ಕಾಣುವುದು ತೆಂಗಿನ ಮರದ ತಲೆ ಮಾತ್ರ. ಭೂಮಿ ಗುಂಡಗಿರುವುದರಿಂದ ಸಣ್ಣ ಹಡಗಿನ ಮೇಲೆ ನಿಂತವನಿಗೆ ಅದು ಹತ್ತು ಹನ್ನೆರಡು ಮೈಲಿಯೊಳಗೆ ಬಂದರೆ ಕಂಡೀತು. ಹದಿನಾರು ಮೈಲಿ ದೂರದಲ್ಲಿ ಹಾದುಹೋದರೆ ಕವರತ್ತಿ ಎಡಕ್ಕೆ ಉಳಿಯಿತೋ ಬಲಕ್ಕೆ ಉಳಿಯಿತೋ ಗೊತ್ತೇ ಆಗುವುದಿಲ್ಲ. ಮುಂದೆ ಬರೀ ಸಮುದ್ರ. ಐದು ಡಿಗ್ರಿ ಅಂದರೆ ಎಷ್ಟು ಗೊತ್ತಾ? ಗಡಿಯಾರದ ಮುಖದಲ್ಲಿ ಒಂದು ನಿಮಿಷದ ಗುರುತಿಗಿಂತ ಕಡಿಮೆ.

ಹಾಗಾಗಿ ತಪ್ಪು ಎಲ್ಲಿಂದ ಬರುತ್ತದೆ ಅಂತ ತಿಳಿದಿರಬೇಕು. ಎರಡು ಕಡೆಯಿಂದ ಬರುತ್ತದೆ. ಒಂದು ಭೂಮಿ ಕೊಡುವುದು, ಇನ್ನೊಂದು ಹಡಗು ಕೊಡುವುದು.

ಭೂಮಿಯದ್ದು ಮೊದಲು. ಭೂಮಿ ತಿರುಗುವ ಅಕ್ಷದ ಧ್ರುವವೇ ಬೇರೆ, ಅಯಸ್ಕಾಂತದ ಧ್ರುವವೇ ಬೇರೆ. ಹೀಗಾಗಿ ಸೂಜಿ ತೋರಿಸುವ ಉತ್ತರಕ್ಕೂ ನಿಜ ಉತ್ತರಕ್ಕೂ ಊರಿಂದೂರಿಗೆ ಬೇರೆ ಬೇರೆ ಅಂತರ. ನಾವು ಅದನ್ನು ವೇರಿಯೇಷನ್ ಅನ್ನುತ್ತೇವೆ. 1492ರ ಸೆಪ್ಟೆಂಬರ್ 13ರಂದು ಅಟ್ಲಾಂಟಿಕ್ ನಡುವೆ ಕೊಲಂಬಸ್ ಇದನ್ನು ಕಂಡ. ಊರಿನಲ್ಲಿ ಧ್ರುವ ನಕ್ಷತ್ರದಿಂದ ಸ್ವಲ್ಪ ಪೂರ್ವಕ್ಕಿದ್ದ ಸೂಜಿ ಪಶ್ಚಿಮಕ್ಕೆ ವಾಲಿತ್ತು. ನಾಲ್ಕು ದಿನದ ಮೇಲೆ ಅವನ ಜನರೂ ನೋಡಿ ಹೆದರಿದರು. ದಡವಿಲ್ಲದ ಸಮುದ್ರದಲ್ಲಿ ನಂಬಿದ್ದ ಒಂದೇ ವಸ್ತುವೂ ಕೈಕೊಟ್ಟರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಸೂಜಿ ಸರಿ ಇದೆ, ನಕ್ಷತ್ರವೇ ಜರುಗಿದೆ ಅಂತ ಹೇಳಿ ಅವರನ್ನು ಸಮಾಧಾನ ಮಾಡಿದ. ಧ್ರುವ ನಕ್ಷತ್ರ ಸಣ್ಣ ಸುತ್ತು ಹಾಕುವುದು ನಿಜವೇ, ಆದರೆ ಆ ಮಾತಿನಿಂದ ಸೂಜಿ ಸರಿಯಾಗುವುದಿಲ್ಲ.

ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1698ರಿಂದ 1700ರವರೆಗೆ ಪ್ಯಾರಮೋರ್ ಎಂಬ ಸಣ್ಣ ಹಡಗಿನಲ್ಲಿ ಅಟ್ಲಾಂಟಿಕ್ ಸುತ್ತಿ ಈ ವ್ಯತ್ಯಾಸ ಅಳೆದ. ಒಂದೇ ವೇರಿಯೇಷನ್ ಇರುವ ಜಾಗಗಳನ್ನೆಲ್ಲ ಗೆರೆಯಿಂದ ಸೇರಿಸಿ 1701ರಲ್ಲಿ ನಕ್ಷೆ ಅಚ್ಚು ಹಾಕಿಸಿದ. ಇವತ್ತಿಗೂ ಹಡಗಿನ ನಕ್ಷೆಯ ಮೇಲೆ ಅಚ್ಚಾಗಿರುವ ದಿಕ್ಕಿನ ಚಕ್ರದ ಒಳಗೆ ಆ ಜಾಗದ ವೇರಿಯೇಷನ್ ಎಷ್ಟು, ವರ್ಷಕ್ಕೆ ಎಷ್ಟು ಬದಲಾಗುತ್ತದೆ ಅಂತ ಬರೆದಿರುತ್ತದೆ. ಬದಲಾಗುತ್ತದೆ, ಯಾಕೆಂದರೆ ಅಯಸ್ಕಾಂತದ ಧ್ರುವವೇ ನಡೆಯುತ್ತಾ ಇದೆ. ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ 1831ರಲ್ಲಿ ಅದನ್ನು ಮುಟ್ಟಿದಾಗ ಅದು ಕೆನಡಾದ ಉತ್ತರ ತುದಿಯ ನೆಲದ ಮೇಲಿತ್ತು. ಈಗ ಸಮುದ್ರ ದಾಟಿ ಸೈಬೀರಿಯಾದ ಕಡೆ ಹೊರಟಿದೆ. 1990ರ ದಶಕದಿಂದ ವೇಗ ಹೆಚ್ಚಿಸಿಕೊಂಡು ವರ್ಷಕ್ಕೆ 50 ಕಿಲೋಮೀಟರ್ ಮೇಲೆ ಓಡಿತು, ಈಗ ಸ್ವಲ್ಪ ನಿಧಾನಿಸಿದೆ. ಇದರ ಲೆಕ್ಕ ಇಡುವವರು ಐದು ವರ್ಷಕ್ಕೊಮ್ಮೆ ಹೊಸ ಮಾದರಿ ಕೊಡುತ್ತಾರೆ. 2020ಕ್ಕೆ ಬರಬೇಕಾದ್ದಕ್ಕೆ ಕಾಯಲಾಗದೆ 2019ರಲ್ಲೇ ತಿದ್ದುಪಡಿ ಕೊಡಬೇಕಾಯಿತು.

ನಾವು ಕರ್ನಾಟಕದವರು ಈ ವಿಷಯದಲ್ಲಿ ಪುಣ್ಯವಂತರು. ಇಲ್ಲಿ ವೇರಿಯೇಷನ್ ಸುಮಾರು ಒಂದು ಡಿಗ್ರಿ ಪಶ್ಚಿಮ. ಲೆಕ್ಕಕ್ಕಿಲ್ಲ ಅನ್ನಬಹುದು. ಪ್ರಪಂಚದ ಕೆಲವು ಕಡೆ ಹತ್ತು, ಇಪ್ಪತ್ತು ಡಿಗ್ರಿ ಇರುತ್ತದೆ. ಬೆಂಗಳೂರಿನಿಂದ ವಿಮಾನ ಹತ್ತಿದವರು ರನ್‌ವೇ ತುದಿಯಲ್ಲಿ 09, 27 ಅಂತ ದೊಡ್ಡದಾಗಿ ಬರೆದದ್ದು ನೋಡಿರಬಹುದು. ಅದು ರನ್‌ವೇಯ ಕಂಪಾಸ್ ದಿಕ್ಕು, ಕೊನೆಯ ಸೊನ್ನೆ ಬಿಟ್ಟು. 090 ಪೂರ್ವ, 270 ಪಶ್ಚಿಮ. ಧ್ರುವ ಜರುಗಿದರೆ ಆ ಅಂಕಿಯೂ ಬದಲಾಗಬೇಕು. ಅಮೆರಿಕದ ಟ್ಯಾಂಪಾ ವಿಮಾನ ನಿಲ್ದಾಣದಲ್ಲಿ 2011ರಲ್ಲಿ ಹೀಗೇ 18ನ್ನು ಅಳಿಸಿ 19 ಅಂತ ಬರೆದರು. ಡಾಂಬರು ಇದ್ದಲ್ಲೇ ಇದೆ, ಅದರ ಹೆಸರು ಬದಲಾಯಿತು.

ಅಳೆಯುವವರ ಪಾಡು ಒಂದು ಹೇಳಲೇಬೇಕು. ಮುಂಬೈಯ ಕೊಲಾಬಾದಲ್ಲಿ 1841ರಿಂದ ಭೂಮಿಯ ಅಯಸ್ಕಾಂತ ಬಲ ಅಳೆಯುತ್ತಿದ್ದರು. ಆಮೇಲೆ ಊರಿಗೆ ವಿದ್ಯುತ್ ಟ್ರಾಮ್ ಬರುವ ಮಾತಾಯಿತು. ಟ್ರಾಮ್ ತಂತಿಯಲ್ಲಿ ಹರಿಯುವ ವಿದ್ಯುತ್ತಿನಿಂದಲೂ ಅಯಸ್ಕಾಂತ ಕ್ಷೇತ್ರ ಹುಟ್ಟುತ್ತದೆ ತಾನೆ? ಅಳತೆಯೆಲ್ಲ ಕೆಡುತ್ತದೆ. ಅದಕ್ಕೆ 1904ರಲ್ಲಿ ಖಾಡಿಯ ಆಚೆ ಅಲಿಬಾಗಿನಲ್ಲಿ ಅಯಸ್ಕಾಂತಕ್ಕೆ ಅಂಟದ ಸಾಮಗ್ರಿಯಿಂದ ಹೊಸ ಕಟ್ಟಡ ಕಟ್ಟಿಕೊಂಡು ಹೋದರು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ಲೆಕ್ಕ ತಾಳೆ ಮಾಡಿ, ಆಮೇಲೆ ಕೊಲಾಬಾದ್ದು ನಿಲ್ಲಿಸಿದರು. ಟ್ರಾಮ್ ಯಾವತ್ತೋ ಹೋಯಿತು. ಅಲಿಬಾಗಿನಲ್ಲಿ ಅಳತೆ ನಡೆಯುತ್ತಲೇ ಇದೆ.

ಭೂಮಿ ಸೂಜಿಯನ್ನು ಪಕ್ಕಕ್ಕೆ ಮಾತ್ರ ಅಲ್ಲ, ಕೆಳಕ್ಕೂ ಎಳೆಯುತ್ತದೆ. ಉತ್ತರಕ್ಕೆ ಹೋದಷ್ಟೂ ಸೂಜಿಯ ತಲೆ ನೆಲದ ಕಡೆ ಬಗ್ಗುತ್ತದೆ, ಧ್ರುವದಲ್ಲಿ ನೆಟ್ಟಗೆ ಕೆಳಗೆ. 1581ರಲ್ಲಿ ರಾಬರ್ಟ್ ನಾರ್ಮನ್ ಎಂಬ ಲಂಡನ್ನಿನ ಕಂಪಾಸ್ ತಯಾರಕ ಇದನ್ನು ಬರೆದ. ಸೂಜಿ ಬಾಗದೇ ಮಟ್ಟವಾಗಿ ನಿಲ್ಲುವ ಜಾಗಗಳ ಗೆರೆ ಭೂಮಿಯನ್ನು ಸುತ್ತುತ್ತದೆ. ಅದು ನಮ್ಮ ದೇಶದ ದಕ್ಷಿಣ ತುದಿಯಲ್ಲಿ, ತಿರುನೆಲ್ವೇಲಿ ಕಡೆ ಹಾದುಹೋಗುತ್ತದೆ. ನನ್ನ ಅಣ್ಣನ ಮಗ ಯುರೋಪಿನಲ್ಲಿದ್ದಾಗ ಚಾರಣಕ್ಕೆ ಅಂತ ಒಳ್ಳೆ ಕಂಪಾಸ್ ಕೊಂಡಿದ್ದ. ಇಲ್ಲಿಗೆ ತಂದರೆ ಸೂಜಿಯ ಬಾಲ ತಳಕ್ಕೆ ತಾಗಿ ತಿರುಗುವುದೇ ಇಲ್ಲ. "ಚಿಕ್ಕಪ್ಪ, ಮೋಸ ಹೋದೆ" ಅಂದ. ಮೋಸ ಏನಿಲ್ಲ. ಅಲ್ಲಿ ತಲೆ ಬಗ್ಗುತ್ತದೆ ಅಂತ ಮಾಡಿದವರು ಬಾಲಕ್ಕೆ ಸ್ವಲ್ಪ ಭಾರ ಕೊಟ್ಟಿರುತ್ತಾರೆ. ಇಲ್ಲಿ ತಲೆ ಅಷ್ಟು ಬಗ್ಗುವುದಿಲ್ಲ, ಬಾಲದ ಭಾರ ಹೆಚ್ಚಾಯಿತು. ಕಂಪಾಸ್ ಕೊಳ್ಳುವಾಗ ಯಾವ ವಲಯಕ್ಕೆ ಮಾಡಿದ್ದು ಅಂತ ನೋಡಬೇಕು. ಅವನು ಅದನ್ನು ಹಿಡಿದು ಹೊರಟಿದ್ದದ್ದು ಎಲ್ಲಿಗೆ ಗೊತ್ತಾ? ಕುದುರೆಮುಖಕ್ಕೆ! ಅಯಸ್ಕಾಂತದ ಅದಿರಿನ ಬೆಟ್ಟಕ್ಕೆ.

ಈಗ ಹಡಗು ಕೊಡುವ ತಪ್ಪು. ಇದನ್ನು ಡೀವಿಯೇಷನ್ ಅನ್ನುತ್ತೇವೆ. ಮರದ ಹಡಗಿನ ಕಾಲದಲ್ಲೇ ಫಿರಂಗಿ, ಲಂಗರು, ಮೊಳೆಗಳ ಕಬ್ಬಿಣ ಸೂಜಿಯನ್ನು ಎಳೆಯುತ್ತಿತ್ತು. 1801ರಿಂದ 1803ರವರೆಗೆ ಆಸ್ಟ್ರೇಲಿಯಾದ ಸುತ್ತ ತಿರುಗಿದ ಮ್ಯಾಥ್ಯೂ ಫ್ಲಿಂಡರ್ಸ್ ಒಂದು ವಿಚಿತ್ರ ಗಮನಿಸಿದ. ಹಡಗಿನ ಮೂತಿ ಯಾವ ಕಡೆ ಇದೆ ಎಂಬುದರ ಮೇಲೆ ತಪ್ಪು ಬದಲಾಗುತ್ತದೆ. ಪೂರ್ವಕ್ಕೆ ಹೋಗುವಾಗ ಒಂದು, ಪಶ್ಚಿಮಕ್ಕೆ ಹೋಗುವಾಗ ಇನ್ನೊಂದು. ಯೋಚಿಸಿದರೆ ಸಹಜ. ಕಬ್ಬಿಣ ಹಡಗಿನ ಜೊತೆ ತಿರುಗುತ್ತದೆ, ಭೂಮಿ ತಿರುಗುವುದಿಲ್ಲ. ಇದನ್ನು ಸರಿಮಾಡಲು ಕಂಪಾಸಿನ ಹತ್ತಿರ ನೆಟ್ಟಗೆ ಒಂದು ಕಬ್ಬಿಣದ ಸರಳು ನಿಲ್ಲಿಸುತ್ತಾರೆ. ಅದಕ್ಕೆ ಇವತ್ತಿಗೂ ಅವನದೇ ಹೆಸರು.

ಆಮೇಲೆ ಹಡಗೇ ಕಬ್ಬಿಣದ್ದಾಯಿತು. ಬಡಿಯುವ ಮಾತು ನೆನಪಿಡಿ ಅಂದಿದ್ದೆ. ಕಟ್ಟುವಾಗ ತಿಂಗಳುಗಟ್ಟಲೆ ಹಡಗು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಸಾವಿರಾರು ರಿವೆಟ್ಟುಗಳನ್ನು ಸುತ್ತಿಗೆಯಲ್ಲಿ ಬಡಿಯುತ್ತಾರೆ. ಒಂದೊಂದು ಏಟಿಗೂ ಕಬ್ಬಿಣದ ವಲಯಗಳು ಅಲುಗಿ ಭೂಮಿಯ ಕ್ಷೇತ್ರದ ಕಡೆ ಸ್ವಲ್ಪ ಸ್ವಲ್ಪ ಹೊರಳುತ್ತವೆ. ಕಡೆಗೆ ಇಡೀ ಹಡಗೇ ಒಂದು ಅಯಸ್ಕಾಂತ. ನೀರಿಗಿಳಿದು ಅಲೆಯ ಹೊಡೆತ ತಿಂದ ಮೇಲೆ ಅದರಲ್ಲಿ ಒಂದಿಷ್ಟನ್ನು ಮರೆಯುತ್ತದೆ. ಅಂದರೆ ಬಂದರಿನಲ್ಲಿ ಸರಿಮಾಡಿದ ಕಂಪಾಸ್ ಸಮುದ್ರದಲ್ಲಿ ಬೇರೆ ಮಾತಾಡುತ್ತದೆ. 1854ರ ಜನವರಿಯಲ್ಲಿ ಟೇಲರ್ ಎಂಬ ಹೊಸ ಕಬ್ಬಿಣದ ಹಡಗು ಲಿವರ್‌ಪೂಲಿನಿಂದ ಮೆಲ್ಬರ್ನಿಗೆ ಹೊರಟಿತು. ಮೊದಲ ಯಾನ. 600ಕ್ಕೂ ಜಾಸ್ತಿ ಜನ. ಕಂಪಾಸುಗಳು ಒಂದಕ್ಕೊಂದು ಹೊಂದಲಿಲ್ಲ. ಐರಿಶ್ ಸಮುದ್ರದಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದೇವೆ ಅಂದುಕೊಂಡವರು ನಿಜಕ್ಕೂ ಪಶ್ಚಿಮಕ್ಕೆ, ಐರ್ಲೆಂಡಿನ ಕಡೆಗೆ ಹೋಗುತ್ತಿದ್ದರು. ಎರಡೇ ದಿನದಲ್ಲಿ ಡಬ್ಲಿನ್ ಹತ್ತಿರ ಲ್ಯಾಂಬೇ ದ್ವೀಪದ ಬಂಡೆಗೆ ಬಡಿದರು. ಮುನ್ನೂರಕ್ಕಿಂತ ಹೆಚ್ಚು ಜನ ಸತ್ತರು. ಒಡೆದುಹೋದದ್ದು ದಡಕ್ಕೆ ತೀರಾ ಹತ್ತಿರದಲ್ಲಿ.

ಮದ್ದು ಏನು ಅಂದರೆ, ವಿಷಕ್ಕೆ ವಿಷವೇ. ಹಡಗಿನ ಕಬ್ಬಿಣ ಒಂದು ಕಡೆ ಎಳೆದರೆ, ಕಂಪಾಸಿನ ಪಕ್ಕದಲ್ಲೇ ಸಣ್ಣ ಅಯಸ್ಕಾಂತ, ಸಣ್ಣ ಕಬ್ಬಿಣ ಇಟ್ಟು ಅಷ್ಟೇ ಬಲದಿಂದ ಇನ್ನೊಂದು ಕಡೆ ಎಳೆಯುವುದು. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ 1838ರಲ್ಲಿ ಇದರ ಗಣಿತ ಹಾಕಿ ತೋರಿಸಿದ. ಲಾರ್ಡ್ ಕೆಲ್ವಿನ್ 1876ರಲ್ಲಿ ಅದನ್ನೆಲ್ಲ ಸೇರಿಸಿದ ಕಂಪಾಸಿಗೆ ಪೇಟೆಂಟ್ ತೆಗೆದ. ಹಳೆ ಹಡಗಿನ ಚಿತ್ರಗಳಲ್ಲಿ ಕಂಪಾಸ್ ಕಂಬದ ಎರಡೂ ಪಕ್ಕ ತೆಂಗಿನಕಾಯಿ ಗಾತ್ರದ ಎರಡು ಕಬ್ಬಿಣದ ಗುಂಡು ನೋಡಿದ್ದೀರಲ್ಲ, ಅವು ಅಲಂಕಾರಕ್ಕಲ್ಲ. ಇಷ್ಟಾದರೂ ಸ್ವಲ್ಪ ತಪ್ಪು ಉಳಿಯುತ್ತದೆ. ಅದಕ್ಕೆ ಹಡಗನ್ನು ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ, ಪ್ರತಿ ದಿಕ್ಕಿಗೂ ಎಷ್ಟು ತಪ್ಪು ಅಂತ ಅಳೆದು, ಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಪಣಂಬೂರಿನಲ್ಲಿ ಕುದುರೆಮುಖದ ಅದಿರು ತುಂಬಿಕೊಂಡಾಗ ಆ ಪಟ್ಟಿಯನ್ನೂ ನಾವು ಪೂರ್ತಿ ನಂಬುತ್ತಿರಲಿಲ್ಲ. ಹೊಟ್ಟೆ ತುಂಬ ಮ್ಯಾಗ್ನಟೈಟ್ ಇಟ್ಟುಕೊಂಡ ಹಡಗಿನ ಮೇಲೆ ಸೂಜಿ ಏನು ಮಾಡೀತು!

ನನ್ನದೇ ಒಂದು ಕಥೆ. ಹಡಗಿನ ಹೆಸರು ಬೇಡ. ಅರಬ್ಬೀ ಸಮುದ್ರದಲ್ಲಿ, ಮಧ್ಯರಾತ್ರಿ ಕಳೆದು ನನ್ನ ಕಾವಲು ಶುರುವಾದ ಹೊತ್ತಿಗೆ ಗೈರೋ ಕಂಪಾಸ್ ಕೆಟ್ಟಿತು. ಗೈರೋ ಅಂದರೆ ಅಯಸ್ಕಾಂತವೇ ಇಲ್ಲದ ಕಂಪಾಸ್. 1908ರಿಂದೀಚೆಗೆ ಬಂದದ್ದು. ಜೋರಾಗಿ ತಿರುಗುವ ಚಕ್ರ ಭೂಮಿಯ ತಿರುಗುವಿಕೆಗೆ ಹೊಂದಿಕೊಂಡು ನಿಜ ಉತ್ತರವನ್ನೇ ತೋರಿಸುತ್ತದೆ. ಕಬ್ಬಿಣಕ್ಕೆ ಅದು ಕ್ಯಾರೇ ಅನ್ನುವುದಿಲ್ಲ. ಆದರೆ ಅದಕ್ಕೆ ಕರೆಂಟ್ ಬೇಕು. ಸರಿ, ಅಯಸ್ಕಾಂತದ ಕಂಪಾಸ್ ನೋಡಿ ಚುಕ್ಕಾಣಿ ಹಿಡಿಯಲು ಹೇಳಿದೆ. ಅದು ಇರುವುದು ಬ್ರಿಡ್ಜಿನ, ಅಂದರೆ ಹಡಗು ನಡೆಸುವ ಕೋಣೆಯ ಮಾಡಿನ ಮೇಲೆ. ಕೆಳಗಿನಿಂದ ಕನ್ನಡಿಯ ಕೊಳವೆಯಲ್ಲಿ ನೋಡುತ್ತೇವೆ. ಬೆಳಗಾಯಿತು, ಸೂರ್ಯ ಹುಟ್ಟಿದ. ಸೂರ್ಯ ಅವತ್ತು ಎಷ್ಟು ಡಿಗ್ರಿಯಲ್ಲಿ ಹುಟ್ಟಬೇಕು ಅಂತ ಪಂಚಾಂಗದ ಲೆಕ್ಕದಿಂದ ಗೊತ್ತಿರುತ್ತದೆ. ಅದಕ್ಕೂ ಕಂಪಾಸಿಗೂ ಹೋಲಿಸಿದರೆ ಆರು ಡಿಗ್ರಿ ವ್ಯತ್ಯಾಸ! ಪಟ್ಟಿಯ ಪ್ರಕಾರ ಎರಡು ಇರಬೇಕಿತ್ತು. ಏಣಿ ಹತ್ತಿ ಮೇಲೆ ಹೋದೆ. ಹಿಂದಿನ ಸಂಜೆ ಬಣ್ಣ ಬಳಿಯುತ್ತಿದ್ದವರು ಕೆಲಸ ನಿಲ್ಲಿಸಿ, ಮೂರು ಪೇಂಟ್ ಡ್ರಮ್ಮು ಮತ್ತು ತುಕ್ಕು ಕೆರೆಯುವ ಸುತ್ತಿಗೆಗಳನ್ನು ಗಾಳಿಗೆ ಉರುಳದಿರಲಿ ಅಂತ ಕಂಪಾಸ್ ಕಂಬಕ್ಕೇ ಒರಗಿಸಿಟ್ಟು ಹೋಗಿದ್ದರು. ಅವರನ್ನು ಬೈಯಲು ಹೋಗಿ ಬಾಯಿ ಮುಚ್ಚಿಕೊಂಡೆ. ಕಾವಲು ಶುರು ಮಾಡುವಾಗ ಮೇಲೆ ಹತ್ತಿ ನೋಡಬೇಕಾದವನು ನಾನು. ಸುತ್ತ ತೆರೆದ ಸಮುದ್ರ, ಏನೂ ಆಗಲಿಲ್ಲ. ಆದರೂ ನಾಲ್ಕೈದು ಮೈಲಿ ಪಕ್ಕಕ್ಕೆ ಸರಿದಿದ್ದೆವು.

ಜಿಪಿಎಸ್ ಬಂದ ಮೇಲೂ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ರತಿ ಹಡಗಿನಲ್ಲೂ ಕರೆಂಟ್ ಇಲ್ಲದೆ ದಿಕ್ಕು ತೋರಿಸುವ ಒಂದು ಸಾಧನ ಇರಲೇಬೇಕು. ಅಂದರೆ ಇದೇ ಕಂಪಾಸ್.

ನಿಮ್ಮ ಜೇಬಿಗೆ ಬರೋಣ. ಫೋನಿನಲ್ಲಿ ಸೂಜಿ ಇಲ್ಲ. ಮೂರು ದಿಕ್ಕಿನ ಅಯಸ್ಕಾಂತ ಬಲವನ್ನೂ ಅಳೆಯುವ ಒಂದು ಸಣ್ಣ ಚಿಪ್ ಇದೆ. ಫೋನಿನದೇ ಸ್ಪೀಕರು, ಕವರಿನ ಅಯಸ್ಕಾಂತ ಎಲ್ಲವೂ ಅದಕ್ಕೆ ಅಡ್ಡ ಬರುತ್ತವೆ. ಫೋನನ್ನು ಎಂಟರ ಆಕಾರದಲ್ಲಿ ತಿರುಗಿಸಿ ಅಂತ ಕೇಳುತ್ತದಲ್ಲ, ಯಾಕೆ? ಎಲ್ಲ ಕಡೆ ತಿರುಗಿಸಿದಾಗ ಫೋನಿನ ಜೊತೆ ತಿರುಗುವ ಬಲ ಯಾವುದು, ತಿರುಗದೆ ನಿಂತದ್ದು ಯಾವುದು ಅಂತ ಅದು ಬೇರೆ ಮಾಡುತ್ತದೆ. ಫ್ಲಿಂಡರ್ಸ್ ಹಡಗು ತಿರುಗಿಸಿ ಕಂಡದ್ದೂ ಇದನ್ನೇ. ಬೆಂಗಳೂರಿನಲ್ಲಿ ಪರಿಚಯದವರೊಬ್ಬರು ಹೊಸ ಮನೆಯ ಹೊಸ್ತಿಲಲ್ಲಿ ಫೋನ್ ಇಟ್ಟು ನೋಡಿ, ಬಾಗಿಲು ಹದಿನೈದು ಡಿಗ್ರಿ ತಿರುಗಿದೆ, ವಾಸ್ತು ಕೆಟ್ಟಿದೆ ಅಂತ ನಿದ್ದೆಗೆಟ್ಟಿದ್ದರು. ಹೊಸ್ತಿಲ ಕೆಳಗೆ ಕಬ್ಬಿಣದ ಸರಳು, ಪಕ್ಕದಲ್ಲಿ ಕಬ್ಬಿಣದ ಗೇಟು. ರಸ್ತೆ ಮಧ್ಯಕ್ಕೆ ಬಂದು ನೋಡಿ ಅಂದೆ. ಹದಿನೈದು ಹೋಗಿ ಮೂರಾಯಿತು. ಬಾಗಿಲು ಒಡೆಸುವ ಖರ್ಚು ಉಳಿಯಿತು. ನನಗೆ ಒಂದು ಊಟ ಸಿಕ್ಕಿತು.

ಈಗ ಮಗಾ, ಬಾ ಇಲ್ಲಿ. ಆಗ ಉತ್ತರ ಅಂದೆಯಲ್ಲ? ಈ ಮೇಜಿನ ಅಡಿಗೆ ಬಗ್ಗಿ ನೋಡು. ಏನಿದೆ? ಕಬ್ಬಿಣದ ಕಾಲು. ಪಕ್ಕದಲ್ಲಿ ಮೈಕಿನ ಸ್ಟ್ಯಾಂಡ್. ಆಚೆ ಸ್ಪೀಕರ್ ಡಬ್ಬ. ಬೇಸಿನನ್ನು ಮೆಲ್ಲಗೆ ಎತ್ತಿಕೊಂಡು ಅಂಗಳಕ್ಕೆ ಹೋಗಿ ನೆಲದ ಮೇಲಿಡು, ಉಳಿದವರೂ ಹೋಗಿ ನೋಡಿ. ಸೂಜಿ ಅಲ್ಲಿ ಬೇರೆ ಗೆರೆಗೆ ತಿರುಗುತ್ತದೆ. ಬರುವಾಗಲೇ ನೋಡಿಕೊಂಡು ಬಂದಿದ್ದೇನೆ.

ಅಂಗಳದ್ದಾದರೂ ಸರಿಯಾ ಅಂತ ಕೇಳುತ್ತೀರಿ. ಅದಕ್ಕೇ ಇವತ್ತಿನ ದಿನ ಆರಿಸಿದ್ದು. ಮಾರ್ಚ್ 20, ಹಗಲು ರಾತ್ರಿ ಸಮ. ಇವತ್ತು ಸೂರ್ಯ ಸರಿಯಾಗಿ ಪಡುವಣಕ್ಕೆ ಇಳಿಯುತ್ತಾನೆ, 270 ಡಿಗ್ರಿಗೆ. ಕೋಡಿ ಕಡಲತೀರದಲ್ಲಿ ಆರೂ ನಲವತ್ತರ ಸುಮಾರಿಗೆ ಮುಳುಗುತ್ತಾನೆ. ಈಗ ಆರು ಗಂಟೆ, ಸಮಯ ಇದೆ. ಪೂರ್ತಿ ಮುಳುಗುವವರೆಗೆ ಕಾಯಬೇಡಿ. ಗಾಳಿ ಬೆಳಕನ್ನು ಬಗ್ಗಿಸುವುದರಿಂದ ಸೂರ್ಯ ಇರುವುದಕ್ಕಿಂತ ಮೇಲೆ ಕಾಣುತ್ತಾನೆ. ಅವನ ಕೆಳ ಅಂಚು ನೀರಿನಿಂದ ಅರ್ಧ ಸೂರ್ಯನಷ್ಟು ಮೇಲಿರುವಾಗ ಫೋನ್ ಅವನ ಕಡೆ ಹಿಡಿದು ಅಂಕಿ ಓದಿ. ಕವರ್ ತೆಗೆದಿರಲಿ, ಸ್ಕೂಟರಿನಿಂದ ದೂರ ನಿಂತಿರಿ. ಫೋನ್ ಅಯಸ್ಕಾಂತದ ಉತ್ತರ ತೋರಿಸುವಂತಿದ್ದರೆ 271 ಬರಬೇಕು, ನಿಜ ಉತ್ತರಕ್ಕೆ ಹೊಂದಿಸಿದ್ದರೆ 270. ನನ್ನ ಫೋನ್ ನಿನ್ನೆ 276 ತೋರಿಸಿತು. ಯಾಕೆ ಅಂತ ಇನ್ನೂ ಹುಡುಕುತ್ತಾ ಇದ್ದೇನೆ. ನಡೆಯಿರಿ, ಬೇಗ ಹೊರಡೋಣ.